ಎರಡು ಗಾಲಿ, ಒಂದು ಪಟ್ಟಿ: ಬಡಿಗೇರ ಅಜ್ಜನ ಬ್ಯಾಂಡ್ ಸಾ ಮತ್ತೆ ತಿರುಗಿದ ಕಥೆ

ಹಾನಗಲ್ ಕಡೆಯ ಒಂದು ಹಳ್ಳಿಯಿಂದ ನಮಗೆ ಫೋನು ಬಂದದ್ದು ಹೋದ ವರ್ಷ ಯುಗಾದಿ ಮುಗಿದ ಮರುವಾರ. "ನಮ್ಮ ಅಜ್ಜನ ಮಷೀನು ಗುಜರಿಗೆ ಹೊಂಟೈತ್ರಿ. ಭಾಳ ಹಳೇದು. ಫೋಟೋನಾದ್ರೂ ತಕ್ಕೊಂಡು ಹೋಗ್ರಿ" ಎಂದ ಹುಡುಗ. ಅವನು ಬಡಿಗೇರ ಮನೆಯ ಮೊಮ್ಮಗ, ಐಟಿಐ ಓದಿದವನು. ಒಂದು ಫೋಟೋ, ನಾಲ್ಕು ಸಾಲು ಸುದ್ದಿ ಆದೀತು ಎಂದು ನಾವು ಬೈಕು ಹತ್ತಿದೆವು. ಆ ನಾಲ್ಕು ಸಾಲಿನ ಸುದ್ದಿ ಏಳು ತಿಂಗಳು ಎಳೆಯಿತು.

ಮನೆಯ ಹಿಂದೆ ತಗಡಿನ ಚಪ್ಪರ. ಅದರ ಮೂಲೆಯಲ್ಲಿ ಆಳೆತ್ತರಕ್ಕಿಂತ ಎತ್ತರದ ಕಬ್ಬಿಣದ ಕಂಬ, ಕೊಕ್ಕರೆಯ ಕತ್ತಿನ ಹಾಗೆ ಬಾಗಿದ್ದು. ಮೇಲೊಂದು ಗಾಲಿ, ಕೆಳಗೊಂದು ಗಾಲಿ. ಮೇಲಿನ ಗಾಲಿಯ ಮೇಲೆ ಕೋಳಿ ಕೂತಿತ್ತು. ಕೆಳಗಿನದರ ಅರ್ಧ ಮಣ್ಣಿನಲ್ಲಿ ಹೂತಿತ್ತು. ನಡುವಿನ ಬೀಡಿನ ಮೇಜಿನ ಮೇಲೆ ಸೀಮೆಎಣ್ಣೆ ಡಬ್ಬಿ, ಹರಿದ ಚೀಲ, ಹಳೇ ಕೂರಿಗೆಯ ತುಂಡು. ಗುಜರಿಯವನು ಬಂದು ನೋಡಿ, ತೂಕದ ಲೆಕ್ಕದಲ್ಲಿ ಬೆಲೆ ಹೇಳಿ, ಸೋಮವಾರ ಗಾಡಿ ತರುತ್ತೇನೆ ಎಂದು ಹೋಗಿದ್ದ. ಅಂದು ಶುಕ್ರವಾರ.

ಬ್ಯಾಂಡ್ ಸಾ ಎಂದರೆ ಏನು ಎಂದು ಮೊದಲು ಹೇಳಿಬಿಡೋಣ. ಸಾ ಮಿಲ್ ನೋಡಿದವರಿಗೆ ಗೊತ್ತಿರುತ್ತದೆ. ಬಾವಿಯ ರಾಟೆಯಂಥ ಎರಡು ಗಾಲಿಗಳು, ಅವೆರಡನ್ನೂ ಸುತ್ತಿಕೊಂಡು ಓಡುವ ಒಂದು ಉದ್ದನೆಯ ಉಕ್ಕಿನ ಪಟ್ಟಿ. ಪಟ್ಟಿಯ ಒಂದು ಅಂಚಿಗೆ ಹಲ್ಲು. ಹಿಟ್ಟಿನ ಗಿರಣಿಯ ಬೆಲ್ಟಿಗೆ ಹಲ್ಲು ಮೂಡಿದರೆ ಹೇಗೋ ಹಾಗೆ. ಕೈಗರಗಸ ಹೋಗಿ ಬರುತ್ತದೆ, ಬರುವಾಗಿನ ಅರ್ಧ ಶ್ರಮ ದಂಡ. ಇದು ಒಂದೇ ದಿಕ್ಕಿಗೆ ಓಡುತ್ತದೆ. ಕೊಯ್ತ ನಿಲ್ಲುವುದೇ ಇಲ್ಲ. ಪಟ್ಟಿ ಸಣ್ಣದಿದ್ದರೆ ಬಾಗಿದ ಗೆರೆಯಲ್ಲೂ ಕೊಯ್ಯಬಹುದು. ಗಾಡಿಯ ಗಾಲಿಗೆ ಸುತ್ತಲೂ ಜೋಡಿಸುವ ಬಾಗಿದ ತುಂಡು, ನೊಗ, ಕುರ್ಚಿಯ ಕಾಲು, ತೊಟ್ಟಿಲಿನ ಕಮಾನು, ಇವೆಲ್ಲ ಬಾಚಿಯಲ್ಲಿ ಕೆತ್ತಿದರೆ ಅರ್ಧ ದಿನ. ಇದರಲ್ಲಿ ಚಹಾ ಆರುವಷ್ಟರಲ್ಲಿ ಮುಗಿಯುತ್ತದೆ.

ಅಜ್ಜನಿಗೆ ಎಪ್ಪತ್ತೆಂಟು. ಎಡಗೈಯಲ್ಲಿ ಕಿರುಬೆರಳೂ ಅದರ ಪಕ್ಕದ್ದೂ ಇಲ್ಲ. ಕೇಳಿದರೆ ಮಷೀನಿನ ಕಡೆ ಗದ್ದ ಎತ್ತಿ ತೋರಿಸಿದರು, ಅಷ್ಟೇ. ಅದರ ಕಥೆ ಹೇಳಿದ್ದು ಅಜ್ಜಿ: "ಆ ಮಷೀನು ಎರಡು ಬೆರಳು ತಿಂದೈತಿ. ಇಪ್ಪತ್ತು ವರ್ಷ ಉಪವಾಸ ಕೆಡವಿದ್ವಿ. ಈಗ ಮತ್ತ ಅದಕ್ಕ ಉಣ್ಣಾಕ ಹಾಕ್ತೀರೇನು?"

ಮಾರುವುದು ಬೇಡ, ಬಿಚ್ಚಿ ನೋಡೋಣ ಎಂದವನು ಮೊಮ್ಮಗ. ಮಾರಿಬಿಡು ಎಂದವರು ಅವನ ಅಪ್ಪ ಮತ್ತು ಅಜ್ಜಿ. ಅಜ್ಜ ಯಾವ ಕಡೆಗೂ ಇರಲಿಲ್ಲ. ನಾವು ಸುದ್ದಿಯವರು, ಮನೆಯ ಜಗಳದಲ್ಲಿ ಬಾಯಿ ಹಾಕಬಾರದು. ಆದರೂ ಹಾಕಿದೆವು. ಸೋಮವಾರದ ಗಾಡಿ ಖಾಲಿ ಹೋಯಿತು.

ತುಕ್ಕು ಬಿಡಿಸುವುದರಿಂದ ಕೆಲಸ ಶುರು. ಕಂಬದ ಮೇಲೆ ಮೂರು ಪದರ ಬಣ್ಣ: ಮೇಲೆ ನೀಲಿ, ಅದರ ಕೆಳಗೆ ಕಾವಿ, ತಳದಲ್ಲಿ ಬೂದು. ಹಳೇ ಬಣ್ಣದಲ್ಲಿ ಸೀಸ ಇರುತ್ತದೆ. ಅದನ್ನು ಒಣಗಿದ್ದಾಗ ಉಜ್ಜಿ ಪುಡಿ ಹಾರಿಸಬಾರದು. ನೀರು ಚಿಮುಕಿಸಿ, ಬಾಯಿಮೂಗಿಗೆ ಮಾಸ್ಕ್ ಕಟ್ಟಿ, ಮಕ್ಕಳನ್ನು ದೂರ ಕಳಿಸಿ ಕೆರೆದೆವು. ಎರಡನೇ ದಿನ ಬೂದು ಬಣ್ಣದ ಕೆಳಗೆ ಉಬ್ಬಿದ ಅಕ್ಷರಗಳು ಕಂಡವು. ಹಲ್ಲುಜ್ಜುವ ಬ್ರಷ್ಷಿನಿಂದ ಮಣ್ಣು ತೆಗೆದಾಗ ಓದಲಿಕ್ಕೆ ಬಂತು: ರಾಬಿನ್ಸನ್ ಅಂಡ್ ಸನ್, ರಾಚ್‌ಡೇಲ್.

ರಾಚ್‌ಡೇಲ್ ಇಂಗ್ಲೆಂಡಿನ ಉತ್ತರದ ಒಂದು ಊರು. ಹತ್ತಿ ಮತ್ತು ಉಣ್ಣೆ ಗಿರಣಿಗಳ ಊರು, ಮ್ಯಾಂಚೆಸ್ಟರಿಗೆ ಹತ್ತಿರ. ಥಾಮಸ್ ರಾಬಿನ್ಸನ್ ಅಂಡ್ ಸನ್ ಕಂಪನಿ ಅಲ್ಲಿ 1838ರಲ್ಲಿ ಶುರುವಾಯಿತು. ಮರಗೆಲಸದ ಯಂತ್ರಗಳನ್ನೂ ಹಿಟ್ಟಿನ ಗಿರಣಿಯ ಯಂತ್ರಗಳನ್ನೂ ಮಾಡಿ ಹೆಸರು ಗಳಿಸಿತು.

ಇಲ್ಲಿ ಒಂದು ಅಡ್ಡಮಾತು. ಆ ಊರಿನ ಹೆಸರು ಓದಿದ ಕೂಡಲೇ ನಮ್ಮಲ್ಲೊಬ್ಬರು "ಅರೆ, ಇದು ಸೊಸೈಟಿ ಊರು" ಎಂದರು. ಹೌದು. 1844ರಲ್ಲಿ ಇದೇ ರಾಚ್‌ಡೇಲಿನಲ್ಲಿ 28 ಜನ, ಹೆಚ್ಚಿನವರು ನೇಕಾರರು ಮತ್ತು ಸಣ್ಣ ಕಸುಬಿನವರು, ದುಡ್ಡು ಕೂಡಿಸಿ ಹಿಟ್ಟು, ಬೆಣ್ಣೆ, ಸಕ್ಕರೆ ಮಾರುವ ಅಂಗಡಿ ತೆರೆದರು. ಕಲಬೆರಕೆ ಇಲ್ಲ, ಲಾಭ ಎಲ್ಲರಿಗೂ ಪಾಲು. ಜಗತ್ತಿನ ಸಹಕಾರ ಸಂಘಗಳು ನಡೆದ ದಾರಿ ಅಲ್ಲಿಂದ ಬಂದದ್ದು. ನಮ್ಮ ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಸಂಘವೂ ಆ ದೊಡ್ಡ ಮನೆತನಕ್ಕೇ ಸೇರಿದ್ದು. ಗೊಬ್ಬರಕ್ಕೂ ಸಾಲಕ್ಕೂ ನಾವು ಸರದಿ ನಿಲ್ಲುವ ಸೊಸೈಟಿಯ ಬೇರು ಇರುವ ಊರಿನಿಂದಲೇ ಈ ಗರಗಸವೂ ಹಡಗು ಹತ್ತಿ ಬಂದಿದೆ. ಇದರಿಂದ ಏನೂ ಸಾಬೀತಾಗುವುದಿಲ್ಲ, ಆದರೆ ಹೇಳದೆ ಇರಲಾಗಲಿಲ್ಲ.

ಹಾನಗಲ್ಲಿಗೆ ಹೇಗೆ ಬಂತು? ಅಜ್ಜನ ಅಪ್ಪ ಹುಬ್ಬಳ್ಳಿಯ ಒಬ್ಬ ಹಳೇ ಕಬ್ಬಿಣದ ವ್ಯಾಪಾರಿಯಿಂದ ಕೊಂಡದ್ದು. ಅದು ರೈಲ್ವೆ ಹರಾಜಿನ ಮಾಲು ಎಂದು ಮನೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ನಂಬಬಹುದಾದ ಮಾತೇ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಗೆ ಬಂದಾಗ ಅದರ ಜೊತೆಗೇ ದೊಡ್ಡ ಕಾರ್ಖಾನೆಯೂ ಬಂತು. ಆಗಿನ ರೈಲು ಡಬ್ಬಿಗಳ ಮೈಯೆಲ್ಲ ಮರದ್ದು. ದಾಂಡೇಲಿ ಕಾಡಿನ ಸಾಗವಾನಿ ಅಳ್ನಾವರಕ್ಕೆ ಬಂದು ರೈಲು ಹತ್ತುತ್ತಿತ್ತು. ಅಷ್ಟು ಮರ ಕೊಯ್ಯಲು ಕೈಗರಗಸ ಸಾಲುತ್ತಿರಲಿಲ್ಲ. ಹುಬ್ಬಳ್ಳಿಯಿಂದ ಎರಡು ಚಕ್ಕಡಿಯಲ್ಲಿ ಇದನ್ನು ಬಿಚ್ಚಿ ತಂದರಂತೆ. ಒಂದರಲ್ಲಿ ಕಂಬ, ಇನ್ನೊಂದರಲ್ಲಿ ಗಾಲಿಗಳೂ ಮೇಜೂ. ಅಜ್ಜ ಆಗ ಶಾಲೆಯ ಹುಡುಗ. ಮೇಜಿನ ಮೇಲೆ ಕೂತು ಬಂದದ್ದು ನೆನಪಿದೆ.

ಅದಕ್ಕೆ ಮೊದಲು ನಮ್ಮ ಕಡೆ ಮರ ಕೊಯ್ಯುತ್ತಿದ್ದದ್ದು ಹೇಗೆ ಎಂದು ಅಜ್ಜ ಕೈಯಾಡಿಸಿ ತೋರಿಸಿದರು. ದಿಮ್ಮಿಯನ್ನು ಎತ್ತರಕ್ಕೆ ಏರಿಸಿ ಕಟ್ಟಬೇಕು ಅಥವಾ ಕೆಳಗೆ ಗುಂಡಿ ತೋಡಬೇಕು. ಮೇಲೊಬ್ಬ, ಕೆಳಗೊಬ್ಬ, ನಡುವೆ ಆಳುದ್ದದ ಗರಗಸ. ಮೇಲಿನವನು ಗೆರೆ ನೋಡುತ್ತಾನೆ, ಕೆಳಗಿನವನು ಹೊಟ್ಟು ನುಂಗುತ್ತಾನೆ. ಸೂಲಗಿ ಇಲ್ಲದೆ ಸಾಗುವಂತೆ ಇಬ್ಬರ ಉಸಿರೂ ಒಂದಾಗಬೇಕು. ಎಳೆದು ಎಳೆದು ಸಂಜೆಗೆ ಕೆಲವೇ ಹಲಗೆ.

ನಮ್ಮ ತಿಳಿವಳಿಕೆಯಲ್ಲಿ ಈ ಕೆಲಸಕ್ಕೆ ಒತ್ತಡ ತಂದದ್ದು ಹೆಂಚು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಹುಲ್ಲಿನ ಚಾವಣಿಗೆ ಸೊಟ್ಟ ಗಳುವಾದರೂ ನಡೆಯುತ್ತದೆ. ಮಂಗಳೂರು ಹೆಂಚಿಗೆ ನಡೆಯುವುದಿಲ್ಲ. ಹೆಂಚುಗಳೆಲ್ಲ ಒಂದೇ ಅಳತೆ. ಅವು ಕೂರುವ ರೀಪುಗಳೂ ಒಂದೇ ದಪ್ಪ, ಒಂದೇ ಅಂತರ ಇರಬೇಕು. ಒಂದು ಮನೆಗೆ ನೂರಾರು ರೀಪು. ಹೆಂಚಿನ ಮನೆಗಳು ಹೆಚ್ಚಿದ ಹಾಗೆ ನೇರ ಕೊಯ್ದ ಮರಕ್ಕೆ ಬೇಡಿಕೆ ಹೆಚ್ಚದೆ ಹೇಗಿದ್ದೀತು?

ಈಗ ಯಂತ್ರದ ಹುಟ್ಟಿಗೆ ಬರೋಣ. ಈ ಭಾಗ ಓದುವಾಗ ನಮಗೇ ಆಶ್ಚರ್ಯ ಆಯಿತು.

ಎರಡು ಗಾಲಿಯ ಮೇಲೆ ಹಲ್ಲಿನ ಪಟ್ಟಿ ಓಡಿಸುವ ಯೋಚನೆಗೆ ವಿಲಿಯಂ ನ್ಯೂಬೆರಿ ಎಂಬವರು ಬ್ರಿಟನ್ನಿನಲ್ಲಿ 1809ರಲ್ಲೇ ಪೇಟೆಂಟ್ ಪಡೆದರು. ನಮ್ಮಲ್ಲಿ ಟಿಪ್ಪು ಸುಲ್ತಾನ್ ಮಡಿದು ಹತ್ತು ವರ್ಷ ಆಗಿತ್ತು, ಅಷ್ಟೇ. ಅಮೆರಿಕದಲ್ಲಿ ಬೆಂಜಮಿನ್ ಬಾರ್ಕರ್ ಎಂಬವರಿಗೆ 1836ರಲ್ಲಿ ಪೇಟೆಂಟ್ ಸಿಕ್ಕಿತು. ಚಿತ್ರ ಸರಿ ಇತ್ತು, ಗಾಲಿ ಸರಿ ಇತ್ತು. ಆದರೂ ಸುಮಾರು ನಲವತ್ತು ವರ್ಷ ಈ ಯಂತ್ರ ಕೆಲಸಕ್ಕೆ ಬರಲಿಲ್ಲ. ಕಾರಣ ಒಂದೇ: ಪಟ್ಟಿ ತುಂಡಾಗುತ್ತಿತ್ತು.

ಯಾಕೆ ತುಂಡಾಗುತ್ತಿತ್ತು ಎಂದು ಅಜ್ಜನ ಮಷೀನಿನ ಮೇಲೇ ಲೆಕ್ಕ ಹಾಕಿದೆವು. ಗಾಲಿಯ ಅಡ್ಡಳತೆ 36 ಇಂಚು. ಒಂದು ಸುತ್ತಿಗೆ ಒಂಬತ್ತೂವರೆ ಅಡಿ ಹತ್ತಿರ. ನಿಮಿಷಕ್ಕೆ 500 ಸುತ್ತು ಎಂದು ಹಿಡಿದರೆ ಪಟ್ಟಿ ನಿಮಿಷಕ್ಕೆ 4,700 ಅಡಿ ಓಡುತ್ತದೆ. ಗಂಟೆಗೆ ಸುಮಾರು 86 ಕಿಲೋಮೀಟರ್. ನಮ್ಮೂರ ಬಸ್ಸಿಗಿಂತ ಜೋರು. ಪಟ್ಟಿಯ ಉದ್ದ ಸುಮಾರು ಹತ್ತೊಂಬತ್ತು ಅಡಿ. ಅಂದರೆ ಇಡೀ ಪಟ್ಟಿ ನಿಮಿಷಕ್ಕೆ 250 ಸಲ ಸುತ್ತು ಬರುತ್ತದೆ. ಪ್ರತಿ ಸುತ್ತಿನಲ್ಲೂ ಮೇಲಿನ ಗಾಲಿಯಲ್ಲಿ ಒಮ್ಮೆ, ಕೆಳಗಿನದರಲ್ಲಿ ಒಮ್ಮೆ ಬಾಗಿ ಮತ್ತೆ ನೇರ ಆಗುತ್ತದೆ. ನಿಮಿಷಕ್ಕೆ 500 ಸಲ. ಗಂಟೆಗೆ 30,000 ಸಲ. ಒಂದು ತಂತಿಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಬಾಗಿಸಿ ನೋಡಿ, ಇಪ್ಪತ್ತು ಸಲಕ್ಕೆ ಕೈಗೆ ಬರುತ್ತದೆ. ಪಟ್ಟಿ ಅಷ್ಟು ತೀರಾ ಬಾಗುವುದಿಲ್ಲ, ನಿಜ. ಆದರೆ ಬಾಗುವುದು ಬಿಡುವುದೂ ಇಲ್ಲ.

ಅದರಲ್ಲೂ ಎಲ್ಲಕ್ಕಿಂತ ಬಡಪಾಯಿ ಜಾಗ ಬೆಸುಗೆ. ಪಟ್ಟಿಯ ಎರಡು ತುದಿ ಸೇರಿಸಿ ಬಳೆ ಮಾಡಿದ ಜಾಗ. ಬೆಸುಗೆ ಮೆದುವಾದರೆ ಹಿಗ್ಗುತ್ತದೆ, ಗಡುಸಾದರೆ ಲಟ್ಟನೆ ಮುರಿಯುತ್ತದೆ. ದಪ್ಪ ಆದರೆ ಗಾಲಿಯ ಮೇಲೆ ಟಕ್ ಟಕ್ ಎಂದು ಕುಟ್ಟುತ್ತದೆ. ಉಳಿದ ಉಕ್ಕಿನಷ್ಟೇ ದಪ್ಪ, ಉಳಿದ ಉಕ್ಕಿನಷ್ಟೇ ಹದ ಬೇಕು.

ಆ ಹದ ಹಿಡಿದದ್ದು ಒಬ್ಬ ಹೆಣ್ಣುಮಗಳು. ಫ್ರಾನ್ಸಿನ ಆ್ಯನ್ ಪೋಲಿನ್ ಕ್ರೆಪಿನ್. ಪಟ್ಟಿಯ ತುದಿಗಳನ್ನು ಬೆಸೆಯುವ ವಿಧಾನಕ್ಕೆ 1846ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಸ್ವಲ್ಪ ದಿನದಲ್ಲೇ ಅದರ ಹಕ್ಕನ್ನು ಪ್ಯಾರಿಸ್ಸಿನ ಪೆರಿನ್ ಕಂಪನಿಗೆ ಮಾರಿದರು. ಪೆರಿನ್‌ನವರು ಆ ಬೆಸುಗೆಗೆ ಒಳ್ಳೆಯ ಉಕ್ಕನ್ನೂ ಹದ ಕೊಡುವ ಹೊಸ ರೀತಿಯನ್ನೂ ಕೂಡಿಸಿದರು. ಆಗ ಪಟ್ಟಿ ನಿಂತಿತು. ಅಲ್ಲಿಂದ ಮುಂದೆ ರಾಚ್‌ಡೇಲ್ ಏನು, ಅಮೆರಿಕ ಏನು, ಎಲ್ಲರೂ ಬ್ಯಾಂಡ್ ಸಾ ಮಾಡತೊಡಗಿದರು. ಈ ಮಾತು ಹೇಳುವಾಗ ಅಜ್ಜಿ ಅಕ್ಕಿ ಆರಿಸುತ್ತಾ ಕೂತಿದ್ದರು. "ಹೆಣಮಗಳು ಮಾಡಿದ್ದಾ ಇದು?" ಎಂದು ಒಮ್ಮೆ ಮಷೀನಿನ ಕಡೆ ನೋಡಿದರು. ಮತ್ತೆ ಅಕ್ಕಿ ಆರಿಸಿದರು.

ಉಕ್ಕು ಎಂದರೆ ನಮ್ಮವರಿಗೆ ಹೊಸದಲ್ಲ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಮೂಸೆಗಳಲ್ಲಿ ಉಕ್ಕು ಕಾಯಿಸುವುದನ್ನು ವಿವರವಾಗಿ ಬರೆದಿದ್ದಾರೆ. ಚನ್ನಪಟ್ಟಣ ಈಗ ಬೊಂಬೆಗೆ ಹೆಸರಾದರೂ ಆಗ ವೀಣೆಯಂಥ ವಾದ್ಯಗಳ ಉಕ್ಕಿನ ತಂತಿಗೂ ಹೆಸರಾಗಿತ್ತು. ಅಷ್ಟು ನಯವಾದ ಉಕ್ಕು ಎಳೆಯುವ ಕೈಗಳು ಇದ್ದವು. ಗರಗಸದ ಪಟ್ಟಿ ಮಾತ್ರ ಹಡಗಿನಲ್ಲಿ ಬಂತು.

ತುಕ್ಕಿನ ಕೆಲಸಕ್ಕೆ ಹಿಂತಿರುಗೋಣ. ಸಣ್ಣ ಸಾಮಾನುಗಳಿಗೆ ಮೊಮ್ಮಗ ಒಂದು ಉಪಾಯ ಮಾಡಿದ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು, ಅದಕ್ಕೆ ಬಟ್ಟೆ ಒಗೆಯುವ ವಾಷಿಂಗ್ ಸೋಡಾ. ಟ್ರ್ಯಾಕ್ಟರ್ ಬ್ಯಾಟರಿ ಚಾರ್ಜರಿನ ಮೈನಸ್ ವೈರು ತುಕ್ಕು ಹಿಡಿದ ಸಾಮಾನಿಗೆ, ಪ್ಲಸ್ ವೈರು ಒಂದು ಬೇಡಾದ ಕಬ್ಬಿಣದ ತುಂಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ರಾತ್ರಿಯೆಲ್ಲ ಸಣ್ಣ ಗುಳ್ಳೆ. ಬೆಳಿಗ್ಗೆ ತುಕ್ಕು ಕಪ್ಪು ಕೆಸರಾಗಿ ಉದುರಿತ್ತು, ಕೆಳಗಿನ ಲೋಹಕ್ಕೆ ಏಟಿಲ್ಲ. ನೀವೂ ಮಾಡುವುದಾದರೆ ಎರಡು ಎಚ್ಚರ. ಆ ಗುಳ್ಳೆಯಲ್ಲಿ ಹೈಡ್ರೋಜನ್ ಇದೆ, ಬಯಲಲ್ಲೇ ಇಡಿ, ಬೀಡಿ ದೂರ ಇಡಿ. ಪ್ಲಸ್ ಕಡೆ ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಹಾಕಬೇಡಿ, ನೀರು ವಿಷ ಆಗುತ್ತದೆ.

ಗಾಲಿಗಳನ್ನು ಮಾತ್ರ ಅಜ್ಜ ತಾವೇ ನೋಡುತ್ತೇನೆ ಎಂದರು. ಬೇವಿನ ಮರದ ಟೊಂಗೆಗೆ ಹಗ್ಗದಿಂದ ಗಾಲಿ ತೂಗುಹಾಕಿಸಿದರು. ಕೊಡತಿಯಿಂದ ಅಂಚಿನ ಉದ್ದಕ್ಕೂ ಮೆಲ್ಲಗೆ ಬಡಿದರು. ಸಂತೆಯಲ್ಲಿ ಮಡಿಕೆ ಬಡಿದು ನೋಡುತ್ತೇವಲ್ಲ, ಹಾಗೆ. ಬಿರುಕಿದ್ದರೆ ಡಬ್ ಎನ್ನುತ್ತದೆ, ಗಟ್ಟಿ ಇದ್ದರೆ ಗಂಟೆಯ ಹಾಗೆ ನಾದ. ಬೀಡು ಕಬ್ಬಿಣ ಬಗ್ಗುವ ಜಾತಿಯದಲ್ಲ, ಬಿರಿಯುವ ಜಾತಿ. ಬಿರುಕಿದ ಗಾಲಿ ಓಡುವಾಗ ಒಡೆದರೆ ಬೆರಳಲ್ಲ, ಜೀವ ಹೋಗುತ್ತದೆ. ಗಾಲಿ ಎರಡೂ ಹಾಡಿದವು. ಆ ನಾದಕ್ಕೆ ಕೇರಿಯ ಮಕ್ಕಳು ಪೂಜೆ ಇದೆ ಎಂದು ಓಡಿ ಬಂದರು.

ಬೇರಿಂಗು ಇನ್ನೊಂದು ಕಥೆ. ಈಗಿನ ಮಷೀನುಗಳಲ್ಲಿ ಗುಂಡಿನ ಬೇರಿಂಗು, ಅಂಗಡಿಗೆ ಹೋಗಿ ನಂಬರು ಹೇಳಿದರೆ ಸಿಗುತ್ತದೆ. ಇದರಲ್ಲಿ ಗುಂಡು ಇಲ್ಲ. ಬೀಡಿನ ಗೂಡಿನೊಳಗೆ ಬೆಳ್ಳಗಿನ ಮೆದು ಲೋಹ ಎರೆದು, ಅದರೊಳಗೆ ಎಣ್ಣೆಯ ತೆಳು ಪದರದ ಮೇಲೆ ದಂಡ ತಿರುಗುತ್ತದೆ. ಆ ಲೋಹಕ್ಕೆ ಬ್ಯಾಬಿಟ್ ಎಂದು ಹೆಸರು. 1839ರಲ್ಲಿ ಅಮೆರಿಕದ ಐಸಾಕ್ ಬ್ಯಾಬಿಟ್ ಪೇಟೆಂಟ್ ಪಡೆದ ರೀತಿ ಇದು. ಹೆಚ್ಚು ಪಾಲು ತವರ, ಅದಕ್ಕೆ ಆಂಟಿಮನಿ, ತಾಮ್ರ. ಇದರ ಜಾಣತನ ಎಂದರೆ ಎಣ್ಣೆ ಮುಗಿದರೆ ತಾನು ಸವೆಯುತ್ತದೆ, ದುಬಾರಿ ದಂಡವನ್ನು ಉಳಿಸುತ್ತದೆ. ಸವೆದ ಮೇಲೆ ಕರಗಿಸಿ ಮತ್ತೆ ಎರೆದರೆ ಹೊಸದು. ಅಂಗಡಿ ಬೇಕಿಲ್ಲ, ಒಲೆ ಸಾಕು. ಈ ಬೇರಿಂಗು ನೋಡಿಯೇ ಮಷೀನು ಮೊದಲನೇ ಮಹಾಯುದ್ಧದ ಆಚೀಚಿನದು ಎಂದು ನಾವು ಅಂದಾಜು ಹಾಕಿದ್ದು.

ಎರೆಯುವ ದಿನ ಅಜ್ಜ ಬೆಳಿಗ್ಗೆಯಿಂದ ಯಾರ ಜೊತೆಗೂ ಮಾತಾಡಲಿಲ್ಲ. ದಂಡಕ್ಕೆ ಬುಡ್ಡಿ ದೀಪದ ಹೊಗೆ ಹಿಡಿದು ಮಸಿ ಹತ್ತಿಸಿದರು, ಲೋಹ ಅಂಟಬಾರದು ಎಂದು. ಗೂಡನ್ನು ಬಿಸಿ ಮಾಡಿ ಮಾಡಿ ಕೈ ಇಡಲಾಗದಷ್ಟು ಕಾಯಿಸಿದರು. ಒಳಗೆ ಒಂದು ಹನಿ ತೇವ ಇದ್ದರೂ ಬಿಸಿ ಲೋಹ ತಾಗಿ ಆವಿಯಾಗಿ ಮುಖಕ್ಕೆ ಸಿಡಿಯುತ್ತದೆ. ಕರಗಿದ ಲೋಹದಲ್ಲಿ ಒಂದು ಕಟ್ಟಿಗೆ ಸೀಳು ಅದ್ದಿದರು. ಕಟ್ಟಿಗೆ ಕಂದಿತು, ಹೊತ್ತಿಕೊಳ್ಳಲಿಲ್ಲ. "ಹಾಂ, ಈಗ" ಎಂದರು. ಎರೆಯುವುದು ಒಂದೇ ಸಲ, ನಿಲ್ಲಿಸದೆ. ಮೊದಲನೇ ಸಲ ಕೆಟ್ಟಿತು, ಒಂದು ಕಡೆ ಗುಳಿ ಬಿತ್ತು. ಮತ್ತೆ ಕರಗಿಸಿದರು. ಎರಡನೆಯದು ನಿಂತಿತು. ಬಿಗಿ ಇದ್ದ ಕಡೆ ಕೆರೆಯುವ ಕೆಲಸಕ್ಕೆ ಮೂರು ದಿನ ಹಿಡಿಯಿತು. ಮೂರು ಬೆರಳಿನ ಎಡಗೈಯಲ್ಲಿ ಅಜ್ಜ ಒತ್ತುತ್ತಿದ್ದ ಉಳಿಯ ತುದಿಯನ್ನು ನಾವು ಮಾತಿಲ್ಲದೆ ನೋಡಿದೆವು.

ಕಳೆದುಹೋಗಿದ್ದ ಒಂದು ತಿರುಪು ಮತ್ತು ಎರಡು ಬುಷ್ಷುಗಳನ್ನು ಹಾವೇರಿಯ ಒಂದು ಲೇತಿನ ಅಂಗಡಿಯಲ್ಲಿ ಮಾಡಿಸಿದೆವು. ಆ ಲೇತು ಮೈಸೂರು ಕಿರ್ಲೋಸ್ಕರ್, ಹರಿಹರದ್ದು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು 1941ರಲ್ಲಿ ಹರಿಹರದಲ್ಲಿ ಹಾಕಿದ ಕಾರ್ಖಾನೆ ಅದು. ಕಾರ್ಖಾನೆ ಮುಚ್ಚಿದೆ, ಲೇತುಗಳು ಇನ್ನೂ ತಿರುಗುತ್ತಿವೆ. ನಮ್ಮ ಕಡೆಯ ಯಾವುದೇ ಪಟ್ಟಣದ ಹಳೇ ವರ್ಕ್‌ಶಾಪಿಗೆ ಹೋಗಿ, ಒಂದಾದರೂ ಸಿಗುತ್ತದೆ.

ಈ ಮಧ್ಯೆ ಮೊಮ್ಮಗನ ಅಪ್ಪ ಒಂದು ಪ್ರಶ್ನೆ ಎತ್ತಿದರು. "ಇದನ್ನ ಚಾಲೂ ಮಾಡಿದ್ರ ಕೇಸು ಬೀಳಾಂಗಿಲ್ಲೇನ್ರಿ?" ಮಷೀನು ನಿಂತದ್ದು ಬೆರಳಿನಿಂದಲ್ಲ. ಬೆರಳು ಹೋದ ಮೇಲೂ ಅಜ್ಜ ಅದನ್ನೇ ಓಡಿಸಿ ಮೂವರು ಮಕ್ಕಳನ್ನು ಸಾಕಿದರು. ನಿಲ್ಲಿಸಿದ್ದು ಕಾನೂನು.

ನೀಲಗಿರಿಯ ಗೂಡಲೂರು ಕಡೆ ಕಾಡು ಕಡಿಯುವುದನ್ನು ತಡೆಯಬೇಕೆಂದು ನಿಲಂಬೂರಿನ ಟಿ.ಎನ್. ಗೋದಾವರ್ಮನ್ ತಿರುಮುಲ್ಪಾಡ್ 1995ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1996ರ ಡಿಸೆಂಬರ್ 12ರಂದು ಕೋರ್ಟು ಕೊಟ್ಟ ಆದೇಶ ದೇಶವನ್ನೇ ಮುಟ್ಟಿತು. ಕೇಂದ್ರದ ಒಪ್ಪಿಗೆ ಇಲ್ಲದೆ ಕಾಡಿನೊಳಗೆ ಸಾ ಮಿಲ್ ಸೇರಿ ಅರಣ್ಯೇತರ ಕೆಲಸ ಯಾವುದೂ ನಡೆಯಕೂಡದು ಎಂದಿತು. 2002ರ ಅಕ್ಟೋಬರ್ ಕೊನೆಯಲ್ಲಿ ಮತ್ತೊಂದು ಆದೇಶ: ಕೋರ್ಟು ನೇಮಿಸಿದ ಕೇಂದ್ರ ಉನ್ನತಾಧಿಕಾರ ಸಮಿತಿಯ ಅನುಮತಿ ಇಲ್ಲದೆ ಯಾವ ರಾಜ್ಯವೂ ಹೊಸ ಸಾ ಮಿಲ್ ತೆರೆಯಲು ಬಿಡಬಾರದು. ಈ ಆದೇಶಗಳು ಬೇಕಿತ್ತೇ ಎಂದರೆ ಬೇಕಿತ್ತು ಎಂದೇ ನಾವು ಹೇಳುತ್ತೇವೆ. ಹಾನಗಲ್ ಅಂಚಿನ ಕಾಡು ನಮ್ಮ ಕಣ್ಣೆದುರೇ ತೆಳ್ಳಗಾದದ್ದು. ಆದರೆ ಲಾರಿಗಟ್ಟಲೆ ದಿಮ್ಮಿ ಸೀಳುವ ಗಿರಣಿಗೂ ಊರ ಬಡಿಗೇರರ ಚಪ್ಪರಕ್ಕೂ ಒಂದೇ ಭಯ ಹಿಡಿಯಿತು. ಅಜ್ಜ ಬೆಲ್ಟು ಕಳಚಿ ಅಟ್ಟಕ್ಕೆ ಹಾಕಿದರು.

ನಾವು ಅರಣ್ಯ ಕಚೇರಿಗೆ ಹೋಗಿ ಕೇಳಿದೆವು, ಬರವಣಿಗೆಯಲ್ಲೇ ಕೇಳಿದೆವು. ದುಂಡು ಮರ ಸೀಳುವ ಮಾತೇ ಇಲ್ಲ, ರಶೀದಿ ಇರುವ ಹಲಗೆಯಿಂದ ತೊಟ್ಟಿಲು ಕುರ್ಚಿಯ ಬಾಗಿದ ತುಂಡು ಕತ್ತರಿಸುವುದಷ್ಟೇ ಎಂದು ಬರೆದು ಕೊಟ್ಟೆವು. ಉತ್ತರಕ್ಕೆ ಎರಡು ತಿಂಗಳು ಕಾದೆವು. ನಿಮ್ಮೂರಲ್ಲೂ ಇಂಥ ಮಷೀನು ಇದ್ದರೆ ಕರೆಂಟು ಕೊಡುವ ಮೊದಲು ಈ ಕೆಲಸ ಮಾಡಿ, ಕಾಗದ ಕೈಯಲ್ಲಿ ಇಟ್ಟುಕೊಳ್ಳಿ. ನಮ್ಮ ಕಾಗದವನ್ನು ಅಜ್ಜಿ ದೇವರ ಫೋಟೋ ಹಿಂದೆ ಇಟ್ಟಿದ್ದಾರೆ.

ಕಾಗದ ಬಂದರೂ ಅಜ್ಜಿಯ ಒಪ್ಪಿಗೆ ಬಂದಿರಲಿಲ್ಲ. ಅದು ನ್ಯಾಯದ ಮಾತು ಎಂದು ನಮಗೂ ಅನ್ನಿಸಿತು. ಹಳೇ ಯಂತ್ರಗಳ ಬಗ್ಗೆ ಬರೆಯುವವರು ಅವುಗಳ ಚೆಂದವನ್ನೇ ಬರೆಯುತ್ತಾರೆ. ಈ ಮಷೀನಿನ ಗಾಲಿಗಳು ಹುಟ್ಟಿದಾಗಿನಿಂದ ಬೆತ್ತಲೆ, ಮುಚ್ಚಳವೇ ಇಲ್ಲ. ಪಟ್ಟಿ ಮೇಲಿಂದ ಕೆಳಗಿನವರೆಗೆ ತೆರೆದೇ ಓಡುತ್ತದೆ. ಹರಿದರೆ ಹತ್ತೊಂಬತ್ತು ಅಡಿಯ ಹಲ್ಲಿನ ಹಾವು. ಅಜ್ಜಿ ಹಾಕಿದ ಶರತ್ತು ಸರಳ: ಮೊದಲು ಮುಚ್ಚಳ, ಆಮೇಲೆ ಕರೆಂಟು. ಮೊಮ್ಮಗ ಮೇಲಿನ ಗಾಲಿಗೂ ಕೆಳಗಿನದಕ್ಕೂ ಪ್ಲೈವುಡ್ಡಿನ ಬಾಗಿಲು ಮಾಡಿದ, ಕೊಯ್ಯುವ ಜಾಗ ಬಿಟ್ಟು ಉಳಿದ ಪಟ್ಟಿಗೆ ತಗಡಿನ ಕೊಳವೆ ಹಾಕಿದ. ಕೈಗೆ ಎಟಕುವಲ್ಲಿ ಕೆಂಪು ಸ್ವಿಚ್ಚು. ಹಳೇದನ್ನು ಇದ್ದ ಹಾಗೇ ಉಳಿಸಬೇಕು ಎನ್ನುವ ನಮ್ಮ ಒಬ್ಬ ಗೆಳೆಯರಿಗೆ ಪ್ಲೈವುಡ್ಡು ಹಿಡಿಸಲಿಲ್ಲ. ಅವರ ಹತ್ತೂ ಬೆರಳು ಸರಿಯಾಗಿವೆ.

ಗಾಲಿಯ ಅಂಚಿಗೆ ಹೊಸ ರಬ್ಬರು ಅಂಟಿಸಿ ನಡು ಸ್ವಲ್ಪ ಉಬ್ಬಿರುವ ಹಾಗೆ ಉಜ್ಜಿದೆವು. ಆ ಉಬ್ಬು ಇಲ್ಲದಿದ್ದರೆ ಪಟ್ಟಿ ಪಕ್ಕಕ್ಕೆ ಜಾರಿ ಬಿದ್ದುಹೋಗುತ್ತದೆ. ಉಬ್ಬು ಇದ್ದರೆ ಓಡುವ ಪಟ್ಟಿ ತಾನಾಗಿ ಎತ್ತರದ ಕಡೆ ಹತ್ತಿ ನಡುವೆ ನಿಲ್ಲುತ್ತದೆ. ಹಿಟ್ಟಿನ ಗಿರಣಿಯ ಪುಲ್ಲಿ ನೋಡಿ, ಅದೂ ಹಾಗೇ ಇರುತ್ತದೆ.

ದೀಪಾವಳಿಗೆ ಎರಡು ದಿನ ಮೊದಲು ಸ್ವಿಚ್ಚು ಒತ್ತಿದೆವು. ಗಾಲಿ ತಿರುಗಿತು, ಸದ್ದು ಮೆಲ್ಲಗೆ ಏರಿತು, ಪಟ್ಟಿ ಕಣ್ಣಿಗೆ ಕಾಣದ ಹಾಗೆ ಒಂದು ಬೆಳ್ಳಿ ಗೆರೆ ಆಯಿತು. ಅಜ್ಜ ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದರು. "ಬಂದ್ ಮಾಡು" ಎಂದು ಕೂಗುವಷ್ಟರಲ್ಲಿ ಢಂ ಎಂದಿತು. ಕೇರಿಯೆಲ್ಲ ಓಡಿ ಬಂದಿತು. ಪಟ್ಟಿ ಹರಿದಿತ್ತು. ಹರಿದ ಪಟ್ಟಿ ಪ್ಲೈವುಡ್ಡಿನ ಬಾಗಿಲಿನೊಳಗೇ ಸುರುಳಿಯಾಗಿ ಬಿದ್ದಿತ್ತು, ಹೊರಗೆ ಒಂದು ಇಂಚೂ ಬಂದಿರಲಿಲ್ಲ. ತೆಗೆದು ನೋಡಿದರೆ ಬೆಸುಗೆಯ ಜಾಗದಲ್ಲೇ, 1809ರಿಂದಲೂ ಹರಿಯುತ್ತಿದ್ದ ಜಾಗದಲ್ಲೇ. ಇಪ್ಪತ್ತು ವರ್ಷದ ಹಿಂದಿನ ಬೆಸುಗೆ ಅದು. ಅಜ್ಜಿ ಬಾಗಿಲಿಗೆ ಬಂದು ನಿಂತಿದ್ದರು. ಯಾರಿಗೂ ಏನೂ ಆಗಿಲ್ಲ ಎಂದು ಕಂಡ ಮೇಲೆ ಒಳಗೆ ಹೋದರು.

ಮರುದಿನ ಅಜ್ಜ ಬೆಸುಗೆಗೆ ಕೂತರು. ಎರಡೂ ತುದಿಗಳನ್ನು ಓರೆಯಾಗಿ ಅರದಿಂದ ಉಜ್ಜಿ ತೆಳು ಮಾಡಿ, ಒಂದರ ಮೇಲೊಂದು ಕೂರಿಸಿದರೆ ಒಂದೇ ದಪ್ಪ ಬರುವ ಹಾಗೆ ಮಾಡಿಕೊಂಡರು. ನಡುವೆ ಹಿತ್ತಾಳೆಯ ತೆಳು ತಗಡು, ಮೇಲೆ ಬಿಳಿಗಾರದ ಪುಡಿ. ಕೆಂಪಗೆ ಕಾದ ದಪ್ಪ ಇಕ್ಕಳದಿಂದ ಒತ್ತಿ ಹಿಡಿದರು. ಹಿತ್ತಾಳೆ ಕರಗಿ ಅಂಚಿನಲ್ಲಿ ಮಿಂಚಿತು. ಮೆಲ್ಲಗೆ ಆರಲು ಬಿಟ್ಟು, ಹೆಚ್ಚಿದ್ದನ್ನು ಉಜ್ಜಿ ತೆಗೆದರು. ಬೆರಳಿನ ನಡುವೆ ಎಳೆದು ನೋಡಿ ಮೊಮ್ಮಗನಿಗೂ ಕೊಟ್ಟರು. "ಕಣ್ಣು ಮುಚ್ಚಿ ಎಳಿ. ಎಲ್ಲಿ ಐತಿ ಬೆಸುಗಿ ಹೇಳು." ಅವನು ಹೇಳಲಿಲ್ಲ. ಆಮೇಲೆ ಇನ್ನೊಂದು ಹಳೇ ಪಟ್ಟಿಯ ತುಂಡು ಕೊಟ್ಟು ಅವನ ಕೈಯಿಂದ ಮಾಡಿಸಿದರು. ಅವನದು ಮೂರು ಸಲ ಮುರಿಯಿತು. ನಾಲ್ಕನೆಯದನ್ನು ಅಜ್ಜ ಬಾಗಿಸಿ ನೋಡಿ ಪಕ್ಕಕ್ಕೆ ಇಟ್ಟರು, ಎಸೆಯಲಿಲ್ಲ.

ಈಗ ಮಷೀನು ವಾರಕ್ಕೆ ಎರಡು ದಿನ ತಿರುಗುತ್ತದೆ. ಕಲಘಟಗಿಯ ಬಣ್ಣದ ತೊಟ್ಟಿಲು ನೋಡಿದವರು ಅಂಥದ್ದೇ ಕಮಾನು ಬೇಕು ಎಂದು ಕೇಳುತ್ತಾರೆ. ಸಾಗವಾನಿ ಹಲಗೆಯಲ್ಲಿ ಗೆರೆ ಎಳೆದು ಕೊಯ್ದರೆ ಹೊಟ್ಟು ಸ್ವಲ್ಪವೇ ಬೀಳುತ್ತದೆ. ದುಂಡು ಗರಗಸ ಒಂದು ಕೊಯ್ತಕ್ಕೆ ಐದಾರು ಮಿಲಿಮೀಟರ್ ಮರ ತಿನ್ನುತ್ತದೆ, ಇದು ಎರಡು. ಹತ್ತು ಕೊಯ್ತಕ್ಕೆ ಒಂದಿಂಚಿನ ಹಲಗೆಯೇ ಉಳಿಯುತ್ತದೆ. ಮರ ಚಿನ್ನದ ಬೆಲೆ ಆಗಿರುವ ಈ ಕಾಲದಲ್ಲಿ ಅದು ಮೊಮ್ಮಗನ ಒಂದು ದಿನದ ಕೂಲಿ.

ಹೋದ ವಾರ ನಾವು ಹೋದಾಗ ಮಷೀನು ನಿಂತಿತ್ತು. ಪಟ್ಟಿಯ ಹಲ್ಲು ಮಸೆಯುವ ದಿನವಂತೆ. ಮೊಮ್ಮಗ ಮುಕ್ಕಾಲಿಯ ಮೇಲೆ ಕೂತು ಒಂದೊಂದೇ ಹಲ್ಲಿಗೆ ಅರ ಹಾಕುತ್ತಿದ್ದ. ಅಜ್ಜ ಕನ್ನಡಕ ಮೂಗಿನ ತುದಿಗಿಟ್ಟು ಎಣಿಸುತ್ತಿದ್ದರು. ಅಜ್ಜಿ ನಮಗೆ ಚಹಾ ತಂದು, ಲೋಟ ಇಡಲು ಜಾಗ ಹುಡುಕಿ, ಬೀಡಿನ ಮೇಜಿನ ಮೇಲೆ ಇಟ್ಟರು. "ಅಲ್ಲಿ ಬ್ಯಾಡ, ಕಲೆ ಬೀಳತೈತಿ" ಎಂದರು ಅಜ್ಜ. ಅಜ್ಜಿ ಸೆರಗಿನಿಂದ ಒರೆಸಿ ಲೋಟ ಅಲ್ಲೇ ಇಟ್ಟರು.